ಮಾತಿಗೊಂದು ಕವಾಟ

ಮನುಷ್ಯನ ಕತ್ತಿನೊಳಗೆ ಉಸಿರಿನ ದಾರಿಯೂ ಅನ್ನದ ದಾರಿಯೂ ಒಂದನ್ನೊಂದು ಹಾದುಹೋಗುತ್ತವೆ. ಮೂಗಿನಿಂದ ಇಳಿದ ಗಾಳಿ ಮುಂಭಾಗದ ಶ್ವಾಸನಾಳವನ್ನೂ ಬಾಯಿಂದ ಇಳಿದ ತುತ್ತು ಹಿಂಭಾಗದ ಅನ್ನನಾಳವನ್ನೂ ಸೇರಬೇಕು. ಈ ಕೂಡುದಾರಿಯ ಕಾವಲಿಗೆ ಇರುವ ಅಂಗವೇ ಧ್ವನಿಪೆಟ್ಟಿಗೆ. ಹೆಸರು ಮಾತಿಗೆ ಸಂಬಂಧಿಸಿದ್ದರೂ ಅದರ ಮೂಲ ಕೆಲಸ ಉಸಿರನ್ನು ಕಾಯುವುದು: ಪ್ರತಿ ತುತ್ತು ನುಂಗುವಾಗ ಅದು ಮೇಲೆದ್ದು ಮುಚ್ಚಿಕೊಂಡು, ಅನ್ನದ ಅಗುಳು ಶ್ವಾಸಕೋಶದತ್ತ ಜಾರದಂತೆ ತಡೆಯುತ್ತದೆ. ಇದೇ ಬಾಗಿಲಿನ ಎರಡು ಮೃದು ಮಡಿಕೆಗಳು ಹೊರಹೋಗುವ ಉಸಿರಿಗೆ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 120 ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ ಕಂಪಿಸಿದಾಗ ಹುಟ್ಟುವ ಸದ್ದನ್ನು ನಾಲಗೆ, ತುಟಿ, ಹಲ್ಲುಗಳು ತಿದ್ದಿ ಮಾತಾಗಿಸುತ್ತವೆ.

ಈ ಅಂಗವನ್ನೇ ಕಳೆದುಕೊಂಡವರಿಗೆ ಮತ್ತೆ ಮಾತು ಕೊಡುವ ಸಾಧನವೊಂದಿದೆ. ಅದು ಒಂದೆರಡು ಸೆಂಟಿಮೀಟರ್ ಉದ್ದದ, ಪೆನ್ಸಿಲಿನಷ್ಟು ದಪ್ಪದ ಸಿಲಿಕೋನ್ ಕವಾಟ. ವೈದ್ಯಕೀಯದಲ್ಲಿ ವಾಯ್ಸ್ ಪ್ರಾಸ್ಥೆಸಿಸ್ ಎಂದು ಕರೆಯುವ ಇದನ್ನು ಕನ್ನಡದಲ್ಲಿ ಧ್ವನಿಕವಾಟ ಎನ್ನಬಹುದು. ಇದರ ಹಿಂದಿನ ತತ್ತ್ವ ತೀರ ಸರಳ. ಆದರೆ ಆ ತತ್ತ್ವ ರೋಗಿಯ ಕತ್ತಿನಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡುವಂತೆ, ಹಾಕಲು ತೆಗೆಯಲು ಸುಲಭವಾಗುವಂತೆ, ಬಡವನ ಕೈಗೂ ಎಟುಕುವ ಬೆಲೆಯಲ್ಲಿ ತಯಾರಾಗುವಂತೆ ಮಾಡಲು ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಅದನ್ನು ಮತ್ತೆ ಮತ್ತೆ ಮರುವಿನ್ಯಾಸಗೊಳಿಸಲಾಗುತ್ತಿದೆ. ಆ ಸರಣಿಯಲ್ಲಿ ಬೆಂಗಳೂರಿನದೊಂದು ಅಧ್ಯಾಯವೂ ಉಂಟು.

ಮೈಸೂರು ಜಿಲ್ಲೆಯ ಪಶ್ಚಿಮ ಅಂಚಿನ ತಾಲ್ಲೂಕುಗಳಿಗೂ ಈ ವಿಷಯಕ್ಕೂ ಹತ್ತಿರದ ನಂಟಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮಳೆಯಾಶ್ರಿತ ಕೆಂಪು ಮಣ್ಣು ಸಿಗರೇಟಿಗೆ ಬೇಕಾಗುವ ವರ್ಜೀನಿಯಾ ಹೊಗೆಸೊಪ್ಪಿಗೆ ಹೆಸರಾದದ್ದು. ಮುಂಗಾರಿನ ಹೊತ್ತಿಗೆ ನಾಟಿಯಾದ ಸಸಿಯ ಎಲೆಗಳನ್ನು ಮಳೆಗಾಲ ಮುಗಿಯುವುದರೊಳಗೆ ಕೊಯ್ದು, ಬ್ಯಾರನ್ ಎಂಬ ಒಣಗಿಸುವ ಮನೆಗಳಲ್ಲಿ ಸೌದೆಯ ಕಾವಿಗೆ ಬೇಯಿಸಿ, ಗ್ರೇಡು ಮಾಡಿ, ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಒಯ್ಯುವುದು ಇಲ್ಲಿನ ಸಾವಿರಾರು ಕುಟುಂಬಗಳ ವಾರ್ಷಿಕ ಲೆಕ್ಕಾಚಾರ. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವೂ ಇದೆ. ಬೆಳೆ ಬೆಳೆದವರಿಗೆಲ್ಲ ಗಂಟಲಿನ ಕ್ಯಾನ್ಸರ್ ಬರುತ್ತದೆಂದಲ್ಲ. ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ಮುಖ್ಯ ಕಾರಣ ಬೀಡಿ ಸಿಗರೇಟಿನ ಸೇವನೆ, ಅದರ ಜೊತೆಗೆ ಮದ್ಯವೂ ಸೇರಿದರೆ ಅಪಾಯ ಇನ್ನಷ್ಟು ಹೆಚ್ಚುತ್ತದೆ. ಆದರೂ ಜಗತ್ತಿನ ಸಿಗರೇಟಿಗೆ ಎಲೆ ಒದಗಿಸುವ ನಾಡಿನಲ್ಲಿ, ಆ ಹೊಗೆ ಕಸಿದುಕೊಂಡ ದನಿಯನ್ನು ಮರಳಿ ಕೊಡುವ ಸಾಧನ ಹೇಗೆ ರೂಪುಗೊಂಡಿತೆಂದು ತಿಳಿಯುವುದು ಉಚಿತವೇ.

ಮೂರು ವಾರಕ್ಕೂ ಮೀರಿದ ಗೊಗ್ಗರು ದನಿ ಈ ಕ್ಯಾನ್ಸರಿನ ಮೊದಲ ಸೂಚನೆಗಳಲ್ಲಿ ಒಂದು. ಬೇಗ ಪತ್ತೆಯಾದರೆ ವಿಕಿರಣ ಚಿಕಿತ್ಸೆಯಿಂದಲೋ ಸಣ್ಣ ಶಸ್ತ್ರಕ್ರಿಯೆಯಿಂದಲೋ ಧ್ವನಿಪೆಟ್ಟಿಗೆಯನ್ನು ಉಳಿಸಿಕೊಳ್ಳಬಹುದು. ತಡವಾಗಿ ಬಂದವರಲ್ಲಿ ಅನೇಕರಿಗೆ ಅದನ್ನು ಪೂರ್ತಿಯಾಗಿ ತೆಗೆಯಬೇಕಾಗುತ್ತದೆ. ಕ್ಯಾನ್ಸರಿಗಾಗಿ ಇಂಥ ಮೊದಲ ಸಂಪೂರ್ಣ ಶಸ್ತ್ರಕ್ರಿಯೆಯನ್ನು 1873ರ ಕೊನೆಯ ದಿನ ವಿಯೆನ್ನಾದಲ್ಲಿ ಥಿಯೊಡೋರ್ ಬಿಲ್ರೋತ್ ನಡೆಸಿದ್ದ. ಅವನ ಸಹಾಯಕ ಗುಸೆನ್‌ಬೌವರ್ ಆ ರೋಗಿಗಾಗಿ ಲೋಹದ ನಾಲಗೆಯುಳ್ಳ ಕೃತಕ ಧ್ವನಿಪೆಟ್ಟಿಗೆಯೊಂದನ್ನೂ ಮಾಡಿಕೊಟ್ಟಿದ್ದ. ಅಂಗ ತೆಗೆಯುವ ವಿದ್ಯೆಯೂ ಮಾತು ಮರಳಿಸುವ ಯತ್ನವೂ ಹೀಗೆ ಒಟ್ಟೊಟ್ಟಿಗೇ ಹುಟ್ಟಿದವು.

ಧ್ವನಿಪೆಟ್ಟಿಗೆ ತೆಗೆದ ಮೇಲೆ ಎರಡು ದಾರಿಗಳ ನಡುವಿನ ಕಾವಲು ಇಲ್ಲವಾಗುವುದರಿಂದ ಶಸ್ತ್ರವೈದ್ಯರು ದಾರಿಗಳನ್ನೇ ಬೇರೆ ಮಾಡುತ್ತಾರೆ. ಶ್ವಾಸನಾಳದ ತುದಿಯನ್ನು ಕತ್ತಿನ ಬುಡದ ಚರ್ಮಕ್ಕೆ ಹೊಲಿದು, ಸ್ಟೋಮಾ ಎಂಬ ಶಾಶ್ವತ ರಂಧ್ರವಾಗಿ ತೆರೆದಿಡುತ್ತಾರೆ. ಇನ್ನು ಉಸಿರಾಟವೆಲ್ಲ ಆ ರಂಧ್ರದಿಂದಲೇ. ಬಾಯಿ ಮತ್ತು ಅನ್ನನಾಳ ಊಟಕ್ಕೆ ಮಾತ್ರ. ಇದರಿಂದ ಕಳೆದುಹೋಗುವುದು ಮಾತೊಂದೇ ಅಲ್ಲ. ಮೂಗಿನ ಮೂಲಕ ಗಾಳಿ ಹರಿಯದೆ ವಾಸನೆ ಮಂಕಾಗುತ್ತದೆ, ಬಿಸಿ ಸಾರನ್ನು ಊದಿ ಆರಿಸಲಾಗುವುದಿಲ್ಲ, ಗಾಳಿಯನ್ನು ಸೋಸಿ ತೇವಗೊಳಿಸುತ್ತಿದ್ದ ಮೂಗು ಇಲ್ಲವಾಗಿ ಕಫ ಹೆಚ್ಚುತ್ತದೆ. ಹೊಳೆ ಕೆರೆಯಲ್ಲಿ ಮುಳುಗಿ ಸ್ನಾನ ಮಾಡುವುದು ಅಪಾಯಕಾರಿ, ಏಕೆಂದರೆ ಕತ್ತಿನ ಮಟ್ಟದ ನೀರು ನೇರವಾಗಿ ಶ್ವಾಸಕೋಶ ಸೇರುತ್ತದೆ. ಹೊಲದ ದೂಳು, ಒಲೆಯ ಹೊಗೆ, ಬ್ಯಾರನ್ನಿನ ಸೆಕೆ ಎಲ್ಲವೂ ಸೋಸದೆ ಒಳಹೋಗುತ್ತವೆ.

ಇಷ್ಟಾದರೂ ಮಾತಾಡುವ ನಾಲಗೆ, ತುಟಿ, ಅಂಗುಳ ಹಾಗೇ ಉಳಿದಿರುತ್ತವೆ. ಕೊರತೆಯಿರುವುದು ಕಂಪಿಸುವ ಮೂಲದ್ದು ಮತ್ತು ಅದು ಕಂಪಿಸುವಂತೆ ಮಾಡುವ ಗಾಳಿಯದ್ದು. ಇದನ್ನು ತುಂಬಿಕೊಡಲು ಮೂರು ದಾರಿಗಳಿವೆ. ಮೊದಲನೆಯದು ಅನ್ನನಾಳದ ಮಾತು: ಬಾಯಿಂದ ಗಾಳಿಯನ್ನು ಅನ್ನನಾಳಕ್ಕೆ ತಳ್ಳಿ, ತೇಗಿನಂತೆ ಹೊರಬಿಡುತ್ತ ಅನ್ನನಾಳದ ಮೇಲ್ತುದಿಯ ಸ್ನಾಯು ಕಂಪಿಸುವಂತೆ ಮಾಡುವುದು. ಇದಕ್ಕೆ ಯಾವ ಸಲಕರಣೆಯೂ ಬೇಡ, ಆದರೆ ಅನ್ನನಾಳದಲ್ಲಿ ಹಿಡಿಯುವ ಗಾಳಿ ಹೆಚ್ಚೆಂದರೆ 80 ಮಿಲಿಲೀಟರಿನಷ್ಟಾದ್ದರಿಂದ ಒಂದು ಉಸಿರಿಗೆ ನಾಲ್ಕಾರು ಅಕ್ಷರಗಳೇ ಬರುತ್ತವೆ, ಕಲಿಯಲು ತಿಂಗಳುಗಳು ಬೇಕು, ಅನೇಕರಿಗೆ ಒಲಿಯುವುದೂ ಇಲ್ಲ. ಎರಡನೆಯದು ಎಲೆಕ್ಟ್ರೋಲಾರಿಂಕ್ಸ್: ಬ್ಯಾಟರಿಯಿಂದ ಕಂಪಿಸುವ ಈ ಸಾಧನವನ್ನು ಕತ್ತಿಗೆ ಒತ್ತಿ ಹಿಡಿದರೆ ಮಾತು ಯಂತ್ರದ ಏಕತಾನದಲ್ಲಿ ಹೊಮ್ಮುತ್ತದೆ. ಮೂರನೆಯದು ಧ್ವನಿಕವಾಟ. ಇವುಗಳಲ್ಲಿ ಯಾವುದನ್ನು ಹಿಡಿದರೂ ವಾಕ್ ತರಬೇತಿ ಬೇಕು. 1965ರಲ್ಲಿ ಸ್ಥಾಪನೆಯಾಗಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ನೆಲೆಸಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶದಲ್ಲಿ ಈ ವಿದ್ಯೆಯ ಹಿರಿಯ ಮನೆಗಳಲ್ಲಿ ಒಂದು. ಹುಣಸೂರಿಗೂ ಎಚ್.ಡಿ. ಕೋಟೆಗೂ ಅದು ಬಸ್ಸಿನ ದೂರದಲ್ಲಿದೆ.

ಮೂರನೆಯ ದಾರಿಯ ಸುಳಿವು ಸಿಕ್ಕಿದ್ದು ವಿಚಿತ್ರ ರೀತಿಯಲ್ಲಿ. 1930ರ ದಶಕದಲ್ಲಿ ಅಮೆರಿಕದ ವೈದ್ಯ ಗಟ್‌ಮನ್ ವರದಿ ಮಾಡಿದಂತೆ, ಧ್ವನಿಪೆಟ್ಟಿಗೆ ತೆಗೆಸಿಕೊಂಡಿದ್ದ ಒಬ್ಬ ರೋಗಿ ಮಂಜುಗಡ್ಡೆ ಒಡೆಯುವ ಚೂಪು ಸಲಕರಣೆಯನ್ನು ಕಾಯಿಸಿ ತನ್ನ ಶ್ವಾಸನಾಳದ ಹಿಂದಿನ ಗೋಡೆಯನ್ನು ತಾನೇ ಚುಚ್ಚಿಕೊಂಡಿದ್ದ. ಬೆರಳಿನಿಂದ ಸ್ಟೋಮಾ ಮುಚ್ಚಿದಾಗ ಶ್ವಾಸಕೋಶದ ಗಾಳಿ ಆ ತೂತಿನ ಮೂಲಕ ಗಂಟಲಿಗೆ ನುಗ್ಗಿ ಮಾತು ಬಂತು. ಅನ್ನನಾಳದ ಮಾತಿಗೆ ಸಿಗುವ ಬೊಗಸೆ ಗಾಳಿಯ ಬದಲು ಇಡೀ ಶ್ವಾಸಕೋಶದ ಲೀಟರುಗಟ್ಟಲೆ ಗಾಳಿ ಒದಗಿದ್ದರಿಂದ ಉದ್ದುದ್ದ ವಾಕ್ಯಗಳೂ ಸಾಧ್ಯವಾದವು. ಇದನ್ನು ನೋಡಿ ಹಲವು ಶಸ್ತ್ರವೈದ್ಯರು ದೇಹದ ಅಂಗಾಂಶದಿಂದಲೇ ಇಂಥ ಸುರಂಗಗಳನ್ನು ರಚಿಸಲು ಯತ್ನಿಸಿದರು. ಆದರೆ ಗಾಳಿ ಹೋಗುವ ತೂತಿನಲ್ಲಿ ನೀರೂ ಬರುತ್ತದೆ: ಕುಡಿದದ್ದು ಶ್ವಾಸನಾಳಕ್ಕೆ ಸೋರಿ ಕೆಮ್ಮು, ನ್ಯುಮೋನಿಯಾ ಉಂಟಾಗುತ್ತಿತ್ತು, ಸೋರದಷ್ಟು ಕಿರಿದು ಮಾಡಿದರೆ ತೂತೇ ಮುಚ್ಚಿಹೋಗುತ್ತಿತ್ತು.

ಒಂದೇ ದಿಕ್ಕಿಗೆ ತೆರೆಯುವ ಕವಾಟವನ್ನು ಆ ತೂತಿನಲ್ಲಿ ಇಡಬೇಕೆಂಬುದು ಇದಕ್ಕೆ ಸಿಕ್ಕ ಉತ್ತರ. ಪೋಲೆಂಡಿನ ಮೊಜೊಲೆವ್‌ಸ್ಕಿ 1970ರ ದಶಕದ ಆರಂಭದಲ್ಲಿ ಅಂಥ ಕವಾಟಗಳನ್ನು ಬಳಸಿದ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಶಸ್ತ್ರವೈದ್ಯ ಮಾರ್ಕ್ ಸಿಂಗರ್ ಮತ್ತು ವಾಕ್ ಚಿಕಿತ್ಸಕ ಎರಿಕ್ ಬ್ಲಾಮ್ 1980ರಲ್ಲಿ ಪ್ರಕಟಿಸಿದ ಸರಳ ವಿಧಾನ ಇದನ್ನು ಜಗತ್ತಿನ ರೂಢಿಯಾಗಿಸಿತು. ಕವಾಟ ತಾನಾಗಿ ಯಾವ ಸದ್ದನ್ನೂ ಮಾಡುವುದಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಉಸಿರು ಎಳೆದುಕೊಂಡು ಹೆಬ್ಬೆರಳಿನಿಂದ ಸ್ಟೋಮಾ ಮುಚ್ಚಿ ಉಸಿರು ಬಿಟ್ಟಾಗ ಗಾಳಿಯ ಒತ್ತಡಕ್ಕೆ ಕವಾಟದ ರೆಪ್ಪೆ ತೆರೆದುಕೊಳ್ಳುತ್ತದೆ, ಗಾಳಿ ಅನ್ನನಾಳಕ್ಕೆ ನುಗ್ಗಿದಾಗ ಅದರ ಮೇಲ್ತುದಿ ಕಂಪಿಸುತ್ತದೆ, ಬಾಯಿ ಆ ಸದ್ದನ್ನು ಮಾತಾಗಿಸುತ್ತದೆ. ನುಂಗುವಾಗ ಅನ್ನನಾಳದ ಕಡೆಯಿಂದ ಬೀಳುವ ಒತ್ತಡ ಅದೇ ರೆಪ್ಪೆಯನ್ನು ಅಂಚಿಗೆ ಒತ್ತಿ ಮುಚ್ಚುತ್ತದೆ. ಮನೆಯ ಬೋರಿನ ಪೈಪಿನಲ್ಲಿ ಮೇಲೇರಿದ ನೀರು ಮರಳಿ ಇಳಿಯದಂತೆ ತಡೆಯುವ ವಾಲ್ವ್ ಮಾಡುವುದೂ ಇದನ್ನೇ. ಕಳೆದುಹೋದ ಅಂಗದ ಎರಡು ಕೆಲಸಗಳಲ್ಲಿ ಕಾವಲನ್ನು ಸಿಲಿಕೋನಿಗೂ ಕಂಪನವನ್ನು ಅನ್ನನಾಳಕ್ಕೂ ಹಂಚಿಕೊಡುವ ಏರ್ಪಾಡು ಇದು.

ತತ್ತ್ವ ನಿಂತ ಮೇಲೆ ವಿನ್ಯಾಸದ ನಿಜವಾದ ಕೆಲಸ ಶುರುವಾಯಿತು. ಮೊದಲ ಸಿಂಗರ್–ಬ್ಲಾಮ್ ಕವಾಟದ ಬಾಯಿ ಸೀಳಿನಂತಿದ್ದು, ಅದನ್ನು ತೆರೆಸಲು ಹೆಚ್ಚು ಒತ್ತಡ ಬೇಕಾಗುತ್ತಿತ್ತು. ಮಾತಾಡಿದವರು ಬೇಗ ದಣಿಯುತ್ತಿದ್ದರು. ಮುಂದೆ ಒಂದು ಅಂಚಿಗೆ ಅಂಟಿಕೊಂಡ ತೆಳುರೆಪ್ಪೆಯ ವಿನ್ಯಾಸ ಬಂದು ಕಡಿಮೆ ಒತ್ತಡದಲ್ಲೇ ಮಾತು ಹೊಮ್ಮತೊಡಗಿತು. ಆರಂಭದ ಕವಾಟಗಳನ್ನು ರೋಗಿ ಎರಡು ಮೂರು ದಿನಕ್ಕೊಮ್ಮೆ ತೆಗೆದು ತೊಳೆದು ಮತ್ತೆ ಹಾಕಿಕೊಳ್ಳಬೇಕಿತ್ತು, ಅದಕ್ಕೆ ಕಣ್ಣಿನ ಚುರುಕೂ ಕೈಯ ಹದವೂ ಬೇಕಿದ್ದವು. 1980ರ ದಶಕದಲ್ಲಿ ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್ನಿನಲ್ಲಿ ರೂಪುಗೊಂಡ ಕವಾಟದಲ್ಲಿ, ಬಳಿಕ 1990ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕ್ಯಾನ್ಸರ್ ಸಂಸ್ಥೆಯಲ್ಲಿ ರೂಪುಗೊಂಡ ಪ್ರೊವಾಕ್ಸ್ ಎಂಬ ಕವಾಟದಲ್ಲಿ ಎರಡೂ ತುದಿಗೆ ಅಗಲವಾದ ಅಂಚು ಕೊಟ್ಟು, ಕವಾಟ ತಿಂಗಳುಗಟ್ಟಲೆ ಇದ್ದಲ್ಲೇ ನಿಲ್ಲುವಂತೆ ಮಾಡಲಾಯಿತು. ಆದರೆ ಆ ಅಂಚಿನಿಂದಾಗಿಯೇ ಬದಲಾಯಿಸುವುದು ಕಷ್ಟವಾಯಿತು: ಸ್ಟೋಮಾದಿಂದ ತಂತಿಯೊಂದನ್ನು ಮೇಲಕ್ಕೆ ತೂರಿ ಬಾಯಿಂದ ಹೊರತೆಗೆದು, ಅದಕ್ಕೆ ಹೊಸ ಕವಾಟವನ್ನು ಕಟ್ಟಿ ಗಂಟಲಿನ ಮೂಲಕ ಎಳೆಯಬೇಕಿತ್ತು. 1997ರಲ್ಲಿ ಬಂದ ಪ್ರೊವಾಕ್ಸ್ 2 ಈ ಪಾಡನ್ನು ತಪ್ಪಿಸಿತು. ಹಿಂದಿನ ಅಂಚನ್ನು ಮಡಿಚಿ ಸಣ್ಣ ಕೊಳವೆಯೊಳಗಿಟ್ಟು ಸ್ಟೋಮಾದ ಕಡೆಯಿಂದಲೇ ತಳ್ಳಿದರೆ, ಅನ್ನನಾಳ ತಲುಪಿದೊಡನೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೊರರೋಗಿ ವಿಭಾಗದಲ್ಲಿ ಕೆಲವೇ ನಿಮಿಷದ ಕೆಲಸವಾಯಿತು. ಕವಾಟದ ಕಾರ್ಯತತ್ತ್ವದಲ್ಲಿ ಯಾವ ಬದಲಾವಣೆಯೂ ಆಗದೆ ರೋಗಿಯ ಅನುಭವ ಮಾತ್ರ ಪೂರ್ತಿ ಬದಲಾದದ್ದಕ್ಕೆ ಇದು ಒಳ್ಳೆಯ ನಿದರ್ಶನ.

ಕವಾಟದ ಇನ್ನೊಂದು ಶತ್ರು ಸೂಕ್ಷ್ಮಜೀವಿ. ಬೆಚ್ಚಗಿನ, ತೇವದ, ಆಹಾರ ಹಾದುಹೋಗುವ ಜಾಗದಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರವೂ ಬ್ಯಾಕ್ಟೀರಿಯಾಗಳೂ ಸಿಲಿಕೋನಿನ ಮೇಲೆ ಜೀವಪೊರೆಯಾಗಿ ಬೆಳೆಯುತ್ತವೆ. ಅವು ರೆಪ್ಪೆಯ ಅಂಚನ್ನು ಕೊರೆದು ಡೊಂಕಾಗಿಸಿದಾಗ ಕವಾಟ ಪೂರ್ತಿ ಮುಚ್ಚದೆ ಸೋರತೊಡಗುತ್ತದೆ. ದಿನಕ್ಕೆರಡು ಬಾರಿ ಸಣ್ಣ ಬ್ರಷ್ಷಿನಿಂದ ಉಜ್ಜಿ ಶುಚಿಮಾಡಿದರೂ ಹೆಚ್ಚಿನ ಕವಾಟಗಳ ಬಾಳಿಕೆ ಕೆಲವು ತಿಂಗಳಷ್ಟೆ. ಶಿಲೀಂಧ್ರ ಸುಲಭವಾಗಿ ಕೊರೆಯಲಾಗದ ಫ್ಲೋರೋಪ್ಲಾಸ್ಟಿಕ್ಕಿನ ಉಂಗುರ, ರೆಪ್ಪೆಯನ್ನು ಬಿಗಿಯಾಗಿ ಹಿಡಿಯುವ ಪುಟ್ಟ ಅಯಸ್ಕಾಂತ ಮುಂತಾದ ಸುಧಾರಣೆಗಳು ಈ ಕಾರಣಕ್ಕಾಗಿಯೇ ಬಂದವು. ಗ್ರೋನಿಂಗನ್ನಿನ ಸಂಶೋಧಕರು ಪ್ರಯೋಗಾಲಯದ ಕೃತಕ ಗಂಟಲಿನಲ್ಲಿ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಫಲಿತಾಂಶವೊಂದು ಕನ್ನಡದ ಅಡುಗೆಮನೆಗೆ ಹಿತವಾದದ್ದು: ಮಜ್ಜಿಗೆ ಹರಿಸಿದ ಕವಾಟಗಳ ಮೇಲಿನ ಜೀವಪೊರೆ ಕಡಿಮೆಯಾಗಿತ್ತು. ಕೃತಕ ಗಂಟಲಿನಲ್ಲಿ ಕಂಡದ್ದು ಮನುಷ್ಯರಲ್ಲೂ ಅಷ್ಟೇ ಆಗುತ್ತದೆಂದು ಹೇಳಲಾಗದು. ಆದರೂ ಮುದ್ದೆ, ಸಾರು, ಮಜ್ಜಿಗೆಯ ಊಟದ ನಡುವೆ ಈ ಪುಟ್ಟ ವಸ್ತು ಎಂಥ ಜೀವಲೋಕವನ್ನು ಎದುರಿಸುತ್ತಿದೆ ಎಂಬುದಕ್ಕೆ ಅದು ಸಾಕ್ಷಿ.

ಬದಲಾಯಿಸುತ್ತಲೇ ಇರಬೇಕಾದ ವಸ್ತುವಿನ ಬೆಲೆಯನ್ನು ಒಮ್ಮೆ ಕೊಳ್ಳುವ ವಸ್ತುವಿನ ಬೆಲೆಯಂತೆ ಲೆಕ್ಕಹಾಕಲಾಗದು. ಭಾರತದಲ್ಲಿ ಆಮದು ಕವಾಟವೊಂದಕ್ಕೆ 15,000ದಿಂದ 30,000 ರೂಪಾಯಿ ಆಗುತ್ತಿತ್ತು. 20,000 ರೂಪಾಯಿಯ ಕವಾಟವನ್ನು ಆರು ತಿಂಗಳಿಗೊಮ್ಮೆ ಬದಲಿಸಿದರೆ ವರ್ಷಕ್ಕೆ 40,000, ಹತ್ತು ವರ್ಷಕ್ಕೆ ನಾಲ್ಕು ಲಕ್ಷ. ಶಸ್ತ್ರಕ್ರಿಯೆಗೆ ಸರ್ಕಾರದ ಯೋಜನೆಯೋ ದಾನಿಗಳೋ ನೆರವಾದರೂ ಎರಡನೆಯ, ಮೂರನೆಯ ಕವಾಟದ ಹೊತ್ತಿಗೆ ಮಳೆಯಾಶ್ರಿತ ರೈತನ ಕೈ ಖಾಲಿಯಾಗಿರುತ್ತದೆ. ಮಾತು ಬಂದು ಮತ್ತೆ ಹೋಗುವುದು ಹೀಗೆ.

ಬೆಂಗಳೂರಿನ ಎಚ್‌ಸಿಜಿ ಆಸ್ಪತ್ರೆಯಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರ್ ಶಸ್ತ್ರವೈದ್ಯರಾದ ಡಾ. ವಿಶಾಲ್ ರಾವ್ ಎದುರಿಸಿದ್ದು ಇದೇ ಸಮಸ್ಯೆಯನ್ನು. ಕವಾಟ ಕೊಳ್ಳಲಾಗದ ರೋಗಿಗಳಿಗಾಗಿ ದಾನಿಗಳನ್ನು ಹುಡುಕುವುದು ಎಷ್ಟು ದಿನ ನಡೆದೀತು ಎಂಬ ಪ್ರಶ್ನೆಗೆ ಅವರು ಗೆಳೆಯ ಶಶಾಂಕ್ ಮಹೇಶ್ ಅವರೊಡನೆ ಸೇರಿ ಕಂಡುಕೊಂಡ ಉತ್ತರ, ಕವಾಟವನ್ನು ತಾವೇ ಹೊಸದಾಗಿ ವಿನ್ಯಾಸಗೊಳಿಸಿ ಇಲ್ಲೇ ತಯಾರಿಸುವುದು. ಒಬ್ಬರದು ವೈದ್ಯಕೀಯದ ಅನುಭವ, ಇನ್ನೊಬ್ಬರದು ಉದ್ಯಮದ ತಿಳಿವಳಿಕೆ. ವೈದ್ಯಕೀಯ ದರ್ಜೆಯ ಸಿಲಿಕೋನಿನಿಂದ ಮಾಡಿದ ಈ ಕವಾಟಕ್ಕೆ ‘ಓಂ’ ಎಂದು ಹೆಸರಿಟ್ಟರು. 2015ರ ಸುಮಾರಿಗೆ ಅದು ಸುದ್ದಿಯಾದಾಗ ಹೇಳಲಾದ ಬೆಲೆ 50 ರೂಪಾಯಿ, ಎಂದರೆ ಆಗಿನ ಒಂದು ಡಾಲರಿಗೂ ಕಡಿಮೆ.

ಬೆಲೆಯಲ್ಲಿ ಇಷ್ಟು ದೊಡ್ಡ ಅಂತರ ಹೇಗೆ ಸಾಧ್ಯ ಎಂಬುದಕ್ಕೆ ಉತ್ತರ ವಸ್ತುವಿನ ತೂಕದಲ್ಲಿಲ್ಲ. ಒಂದು ಕವಾಟಕ್ಕೆ ಬೇಕಾಗುವ ಸಿಲಿಕೋನ್ ಅತ್ಯಲ್ಪ. ಖರ್ಚು ಕೂಡುವುದು ಬೇರೆಡೆ. ಮೊದಲನೆಯದು ಅಚ್ಚು: ಮಿಲಿಮೀಟರಿನ ಸಣ್ಣ ಭಾಗದಷ್ಟು ತೆಳುವಾದ ರೆಪ್ಪೆ ಪ್ರತಿ ಬಾರಿಯೂ ಒಂದೇ ದಪ್ಪಕ್ಕೆ ಬರುವಂತೆ ಉಕ್ಕಿನ ಅಚ್ಚನ್ನು ಕೊರೆಯಬೇಕು. ರೆಪ್ಪೆ ಸ್ವಲ್ಪ ದಪ್ಪವಾದರೆ ಮಾತಾಡಲು ಉಸಿರು ಸಾಲದು, ಸ್ವಲ್ಪ ತೆಳುವಾದರೆ ನೀರು ಸೋರುತ್ತದೆ. ಅಚ್ಚಿನ ಎರಡು ಹೋಳುಗಳು ಕೂಡುವ ಗೆರೆಯಲ್ಲಿ ಉಳಿಯುವ ಪೊರೆಯಂಥ ಹೆಚ್ಚುವರಿ ಸಿಲಿಕೋನ್ ಮುಚ್ಚುವ ಅಂಚಿನಲ್ಲೇ ಇದ್ದರೆ ಕವಾಟ ಕೆಟ್ಟಂತೆಯೇ, ಆದ್ದರಿಂದ ಆ ಗೆರೆ ಎಲ್ಲಿ ಬರಬೇಕೆಂಬುದನ್ನೂ ವಿನ್ಯಾಸದ ಹಂತದಲ್ಲೇ ತೀರ್ಮಾನಿಸಬೇಕು. ಜೋಡಿಸಬೇಕಾದ ಭಾಗಗಳು ಹೆಚ್ಚಿದಷ್ಟೂ ಕೈಕೆಲಸ, ತಪಾಸಣೆ, ತಿರಸ್ಕೃತವಾಗುವ ಮಾಲು ಹೆಚ್ಚುತ್ತವೆ. ಇಡೀ ಕವಾಟ ಒಂದೇ ಎರಕದಲ್ಲಿ ಬಂದರೆ ಇವೆಲ್ಲ ಇಳಿಯುತ್ತವೆ. ಇದರ ಮೇಲೆ ಶುದ್ಧ ಕೋಣೆ, ಪ್ರತಿ ಕವಾಟದ ಸೋರಿಕೆ ಪರೀಕ್ಷೆ, ಕ್ರಿಮಿಶುದ್ಧೀಕರಣ, ಪೊಟ್ಟಣ. ಆಮದಾದರೆ ಸುಂಕವೂ ವಿತರಕರ ಪಾಲೂ ಸೇರುತ್ತವೆ.

ಇನ್ನೊಂದು ಖರ್ಚು ಕಣ್ಣಿಗೆ ಬೀಳುವುದೇ ಇಲ್ಲ. ಶ್ವಾಸನಾಳ ಮತ್ತು ಅನ್ನನಾಳದ ನಡುವಿನ ಗೋಡೆಯ ದಪ್ಪ ಎಲ್ಲರಲ್ಲೂ ಒಂದೇ ಅಲ್ಲ, ಒಬ್ಬನಲ್ಲೇ ಶಸ್ತ್ರಕ್ರಿಯೆಯ ಊತ ಇಳಿದಂತೆ ಬದಲಾಗುತ್ತದೆ. ಕವಾಟ ಗಿಡ್ಡವಾದರೆ ಅಂಗಾಂಶದಲ್ಲಿ ಹೂತುಕೊಳ್ಳುತ್ತದೆ, ಉದ್ದವಾದರೆ ಹಿಂದೆ ಮುಂದೆ ಜಾರಿ ಸುತ್ತಲೂ ಸೋರುತ್ತದೆ. ಹಾಗಾಗಿ ಎರಡು ಅಂಚುಗಳ ನಡುವೆ 4 ಮಿಲಿಮೀಟರಿನ ಆಸುಪಾಸಿನಿಂದ 15 ಮಿಲಿಮೀಟರಿನವರೆಗೆ ಹಲವು ಉದ್ದಗಳನ್ನು ತಯಾರಿಸಿ, ಆಸ್ಪತ್ರೆಗಳು ಅವನ್ನೆಲ್ಲ ದಾಸ್ತಾನಿಡಬೇಕು. ಅಳತೆಯ ಸಂಖ್ಯೆ ಕಡಿಮೆ ಮಾಡಬಲ್ಲ ವಿನ್ಯಾಸ ಕಾರ್ಖಾನೆಗೂ ತಾಲ್ಲೂಕು ಆಸ್ಪತ್ರೆಗೂ ಒಟ್ಟಿಗೇ ಉಪಕಾರಿ.

ಅಗ್ಗವಾದುದಕ್ಕೆ ಪರೀಕ್ಷೆಯಲ್ಲಿ ರಿಯಾಯಿತಿಯಿಲ್ಲ, ಇರಲೂ ಬಾರದು. ಭಾರತದಲ್ಲಿ 2018ರ ಜನವರಿಯಿಂದ ಜಾರಿಗೆ ಬಂದ ವೈದ್ಯಕೀಯ ಸಾಧನಗಳ ನಿಯಮಗಳು ಸಾಧನಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡುತ್ತವೆ. ತಯಾರಕರು ಕಚ್ಚಾವಸ್ತುವಿನಿಂದ ಪೊಟ್ಟಣದವರೆಗೆ ಪ್ರತಿ ಹಂತದ ದಾಖಲೆ ಇಡಬೇಕಾಗುತ್ತದೆ. ಧ್ವನಿಕವಾಟದ ಮಟ್ಟಿಗೆ ಎರಡು ಪ್ರಶ್ನೆಗಳೇ ನಿರ್ಣಾಯಕ: ಎಷ್ಟು ಕಡಿಮೆ ಒತ್ತಡದಲ್ಲಿ ತೆರೆಯುತ್ತದೆ, ಎಷ್ಟು ದಿನ ಸೋರದೆ ಬಾಳುತ್ತದೆ. ಒಂದು ವಾರಕ್ಕೇ ಸೋರುವ 50 ರೂಪಾಯಿಯ ಕವಾಟ, ಪ್ರತಿ ಸಲವೂ ಬೆಂಗಳೂರಿಗೆ ಹೋಗಿ ಬರಬೇಕಾದ ರೋಗಿಗೆ ಅಗ್ಗವಾಗಿ ಉಳಿಯುವುದಿಲ್ಲ.

ಬಳಕೆಯ ಸುಲಭತೆಯೂ ತಯಾರಿಕೆಯ ಸುಲಭತೆಯೂ ಒಂದೇ ಪ್ರಶ್ನೆಯ ಎರಡು ಮುಖಗಳಾಗುವುದು ಇಲ್ಲಿ. ಕವಾಟ ಆಕಸ್ಮಿಕವಾಗಿ ಕಳಚಿದರೆ ತೂತು ಕೆಲವೇ ಗಂಟೆಗಳಲ್ಲಿ ಕಿರಿದಾಗತೊಡಗುತ್ತದೆ, ಬಿದ್ದ ಕವಾಟ ಶ್ವಾಸನಾಳದೊಳಗೆ ಜಾರುವ ಅಪಾಯವೂ ಉಂಟು. ಎಚ್.ಡಿ. ಕೋಟೆಯಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರ್, ಅಲ್ಲಿಂದ ಬೆಂಗಳೂರಿಗೆ ಇನ್ನೂ 145. ಕಾಡಂಚಿನ ಹಾಡಿಯಿಂದ ಹೊರಟವರಿಗೆ ಇದಕ್ಕೂ ಮುಂಚಿನ ದಾರಿಯೇ ದೊಡ್ಡದು. ಕವಾಟ ಬದಲಿಸುವ ಕೈಚಳಕ ತಾಲ್ಲೂಕಿನ ಕಿವಿ ಮೂಗು ಗಂಟಲು ವೈದ್ಯರಿಗೆ, ತರಬೇತಾದ ದಾದಿಯರಿಗೆ ಒಗ್ಗುವಷ್ಟು ಸರಳವಾದಾಗ ಮಾತ್ರ ಬೆಲೆ ಇಳಿದದ್ದು ರೋಗಿಯ ಲೆಕ್ಕಕ್ಕೆ ಬರುತ್ತದೆ. ಸೋರಿಕೆಯ ಪರೀಕ್ಷೆ ಹೇಗೂ ಸುಲಭ: ಬಣ್ಣದ ನೀರು ಗುಟುಕರಿಸಿ, ಟಾರ್ಚಿನ ಬೆಳಕಿನಲ್ಲಿ ಸ್ಟೋಮಾ ನೋಡಿದರೆ ಬಣ್ಣ ಕವಾಟದ ನಡುವಿನಿಂದ ಬರುತ್ತಿದೆಯೋ ಅಂಚಿನ ಸುತ್ತಲಿಂದಲೋ ತಿಳಿಯುತ್ತದೆ. ನಡುವಿನಿಂದಾದರೆ ಕವಾಟ ಸವೆದಿದೆ, ಸುತ್ತಲಿಂದಾದರೆ ಅಳತೆ ಹೊಂದುತ್ತಿಲ್ಲ.

ಮರುವಿನ್ಯಾಸಕ್ಕೆ ಇನ್ನೂ ಜಾಗ ಬೇಕಾದಷ್ಟಿದೆ. ಮಾತಾಡುವಾಗಲೆಲ್ಲ ಬೆರಳಿನಿಂದ ಸ್ಟೋಮಾ ಮುಚ್ಚುವುದು ನೊಗ ಹಿಡಿದವನಿಗೆ, ಮಣ್ಣಿನ ಕೈಯವನಿಗೆ ಅನುಕೂಲವಲ್ಲ. ಉಸಿರಿನ ರಭಸಕ್ಕೆ ತಾನಾಗಿ ಮುಚ್ಚಿಕೊಳ್ಳುವ ಹೊರಕವಾಟಗಳಿವೆ, ಮೂಗಿನ ಬದಲು ಗಾಳಿಯ ಕಾವು ತೇವ ಉಳಿಸುವ ಸ್ಪಂಜಿನ ಬಿಲ್ಲೆಗಳಿವೆ. ಆದರೆ ಅವು ಪದೇ ಪದೇ ಕೊಳ್ಳಬೇಕಾದವು, ಬೆವರಿಗೆ ಅಂಟು ಬಿಡುವಂಥವು. ಮಾತಿನ ಗುಣದಲ್ಲೂ ಮಿತಿಗಳಿವೆ. ಧ್ವನಿಪೆಟ್ಟಿಗೆಯ ಮಡಿಕೆಗಳಂತೆ ಕ್ಷಣಮಾತ್ರದಲ್ಲಿ ಕಂಪಿಸಿ ನಿಲ್ಲುವ ಹತೋಟಿ ಅನ್ನನಾಳಕ್ಕಿಲ್ಲದ್ದರಿಂದ ಅಘೋಷ ಘೋಷಗಳು ಒಂದಕ್ಕೊಂದು ಬೆರೆತು, ಕೇಳುವವರಿಗೆ ಪಟ್ಟೆಯೋ ಬಟ್ಟೆಯೋ, ಕಡಿಯೋ ಗಡಿಯೋ ಎಂಬ ಅನುಮಾನ ಬರಬಹುದು. ಧ್ವನಿಪೆಟ್ಟಿಗೆಯಲ್ಲೇ ಹುಟ್ಟುವ ಹಕಾರವಂತೂ ದುರ್ಲಭ, ಹಾಡು ಆಡಾಗುತ್ತದೆ. ಇದನ್ನು ತಿದ್ದುವುದು ಕವಾಟದ ಕೈಯಲ್ಲಿಲ್ಲ. ಅದು ವಾಕ್ ಚಿಕಿತ್ಸಕರ ಕೆಲಸ, ಮತ್ತು ಆ ತರಬೇತಿ ರೋಗಿಯ ಸ್ವಂತ ಭಾಷೆಯಲ್ಲೇ ನಡೆಯಬೇಕಾದದ್ದು.

ಧ್ವನಿಕವಾಟದ ಇತಿಹಾಸವನ್ನು ಒಟ್ಟಾಗಿ ನೋಡಿದರೆ, 1980ರಲ್ಲಿ ರೂಢಿಗೆ ಬಂದ ತತ್ತ್ವವನ್ನು ಆಮೇಲಿನವರು ಯಾರೂ ಅಲ್ಲಗಳೆದಿಲ್ಲ. ಅವರು ಬದಲಿಸಿದ್ದು ರೆಪ್ಪೆಯ ಅಂಟು, ಅಂಚಿನ ಮಡಿಕೆ, ಹಾಕುವ ದಿಕ್ಕು, ಉಂಗುರದ ವಸ್ತು, ಅಚ್ಚಿನ ಖರ್ಚು. ಒಂದೊಂದೂ ಸಣ್ಣ ಬದಲಾವಣೆಯೇ. ಆದರೂ ಮೊದಲ ಸಲ ಮಾತು ಬಂದವರಲ್ಲಿ ಎಷ್ಟು ಜನ ಹತ್ತನೆಯ ವರ್ಷವೂ ಮಾತಾಡುತ್ತಿರುತ್ತಾರೆ ಎಂಬುದು ನಿಂತಿರುವುದು ಇವುಗಳ ಮೇಲೆಯೇ. ಸಾಧನವೊಂದರ ಯಶಸ್ಸನ್ನು ಶಸ್ತ್ರಕ್ರಿಯಾ ಕೊಠಡಿಯಲ್ಲಿ ಕೇಳಿಬಂದ ಮೊದಲ ಶಬ್ದದಿಂದ ಅಳೆಯುವುದು ವಾಡಿಕೆ. ಪಿರಿಯಾಪಟ್ಟಣದ ರೈತನೊಬ್ಬ ಹರಾಜು ಕಟ್ಟೆಯಲ್ಲಿ ತನ್ನ ಹೊಗೆಸೊಪ್ಪಿಗೆ ಸಿಗಬೇಕಾದ ದರವನ್ನು ತಾನೇ ಬಾಯಿಬಿಟ್ಟು ಕೇಳಲು ಮೂರನೆಯ, ನಾಲ್ಕನೆಯ ಕವಾಟವೂ ಸಕಾಲಕ್ಕೆ, ಹತ್ತಿರದಲ್ಲೇ, ಸಾಲವಿಲ್ಲದೆ ಸಿಗುತ್ತದೆಯೇ ಎಂಬುದು ಅದಕ್ಕಿಂತ ಕಠಿಣವಾದ ಮತ್ತು ಹೆಚ್ಚು ನ್ಯಾಯವಾದ ಅಳತೆ.